ಇಲ್ಲದವರ ಕಲ್ಲು

ಯಂತ್ರ ತೀರ್ಪು ಹೇಳಿ ಮುಗಿಸುವಷ್ಟರಲ್ಲಿ ಮಕ್ಕಳು ಊಟದ ತಟ್ಟೆಗೆ ಕೈ ಹಾಕಿದ್ದರು.

ಕಾರೆಬೆಟ್ಟದ ಕಟ್ಟಳೆ ಶಾಲೆಯಲ್ಲಿ ಊಟಕ್ಕೆ ಮುಂಚಿನ ಪಾಠವೆಂದರೆ ಅಭ್ಯಾಸದ ನ್ಯಾಯ. ಅವತ್ತಿನ ವ್ಯಾಜ್ಯ ಜೇನಿನದು. ಒಬ್ಬ ಹುಡುಗಿ ಜೇನುಮರಕ್ಕೆ ಹುಲ್ಲಿನ ಗಂಟು ಕಟ್ಟಿ ತನ್ನದೆಂದು ಗುರುತು ಮಾಡಿದಳು, ಆಮೇಲೆ ಜ್ವರ ಬಂದು ಮಲಗಿದಳು, ಅಷ್ಟರಲ್ಲಿ ಇನ್ನೊಬ್ಬ ಹೋಗಿ ಜೇನು ಇಳಿಸಿಬಿಟ್ಟ. ಜೇನು ಯಾರದು? ಎರಡೂ ಕಡೆಯವರು ವಾದ ಮಾಡಿದ ಮೇಲೆ ಎಲ್ಲರೂ ನಡುವೆ ಇದ್ದ ಚಪ್ಪಟೆ ಕಲ್ಲಿನತ್ತ ತಿರುಗಿದರು. ಕಲ್ಲಿನ ಮೇಲೆ ತೆಂಗಿನಕಾಯಿ ಗಾತ್ರದ, ಮಣ್ಣುಬಣ್ಣದ ಯಂತ್ರವಿತ್ತು. ಅದು ಮುದುಕಿಯ ದನಿಯಲ್ಲಿ ಹೇಳಿತು: "ಅರ್ಧ ಎರಿ ಹುಳಕ್ಕೇ ಬುಡಿ. ಉಳ್ದದ್ದ ಇಬ್ರೂ ಹಂಚ್ಕಳಿ. ಮತ್ತಿಮರ ಬಾಯಾರ್ಕಂಡದ, ಈ ಸಲ ಹೂವು ಕಮ್ಮಿ."

ಸೋತವರೂ ಇಲ್ಲ, ಗೆದ್ದವರೂ ಇಲ್ಲ. ಪಾಠ ಹೇಳಿಕೊಡುವ ಬೊಮ್ಮಿಗೆ ಅದರಲ್ಲಿ ತೃಪ್ತಿಯಿತ್ತು. ಆಗ ಬಾಗಿಲ ಹತ್ತಿರ ಯಾರೋ ನಕ್ಕರು. ಅವಳ ಅಜ್ಜಿ, ಕೇತಜ್ಜಿ. ಬೆಟ್ಟದ ಆ ಮಗ್ಗುಲಿನ ಪೋಡಿನಲ್ಲಿ, ಅಂದರೆ ಬೆಟ್ಟದ ಜನರ ಆ ಕಡೆಯ ಹಟ್ಟಿಯಲ್ಲಿ, ಮಗಳ ಮನೆಯಲ್ಲಿದ್ದವಳು. ಆಸ್ಪತ್ರೆಯಲ್ಲಿ ಎರಡೂ ಮಂಡಿ ಬದಲಾಯಿಸಿಕೊಂಡು ಈ ವಾರ ತಾನೇ ಮೊಮ್ಮಗಳ ಮನೆಗೆ ಬಂದಿದ್ದಳು. ಹೊಸ ಮಂಡಿಗಳನ್ನು ಪರೀಕ್ಷಿಸಲು ಶಾಲೆಯವರೆಗೆ ನಡೆದು ಬಂದಿದ್ದಳು.

"ಯಾರವ್ವ ಈ ಮುದ್ಕಿ? ನನ್ನಂಗೇ ಮಾತಾಡ್ತಳ."

ಅದು ಅವಳದೇ ದನಿ ಎಂದು ಬೊಮ್ಮಿ ವಿವರಿಸಿದಳು. ವಿಶ್ವವಿದ್ಯಾಲಯದ ಶಾಹಿದಾ ಮೇಡಂ ಬಂದು ಹಿರಿಯರ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಹೋಗಿರಲಿಲ್ಲವೇ, ಅದನ್ನೇ ಯಂತ್ರಕ್ಕೆ ಕಲಿಸಿದ್ದಾರೆ.

"ನನ್ಗಿಂತ ಜಾಣಿಯಾಗಿಬುಟ್ಟಳ ಬುಡು," ಎಂದಳು ಕೇತಜ್ಜಿ. ಆಮೇಲೆ ಹತ್ತಿರ ಬಂದು, ಊರುಗೋಲಿನಿಂದ ಯಂತ್ರವನ್ನು ಮೆಲ್ಲಗೆ ತಟ್ಟಿದಳು. "ಅದು ಸರಿ ಕೂಸೇ. ಕಲ್ಲಿನ ಮ್ಯಾಲ ಕಲ್ಲ ಯಾಕ ಮಡ್ಗಿದ್ದರಿ?"

*

ಬೆಟ್ಟಕ್ಕೆ ಮಾತು ಬಂದರೆ ಏನಾಗುತ್ತದೆ? ಬೇರುಕಿವಿ ಎಂಬ ಆ ಯಂತ್ರ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ.

ಮಣ್ಣಿನ ಕೆಳಗೆ ಮರದ ಬೇರನ್ನು ಬೇರಿಗೆ ಹೊಲಿಯುವ ಅಣಬೆಯ ಎಳೆಗಳಿವೆ. ಆ ಎಳೆಗಳಲ್ಲಿ ಸದಾ ಸಣ್ಣ ವಿದ್ಯುತ್ತು ಮಿಡಿಯುತ್ತಿರುತ್ತದೆ. ನೀರು ಬತ್ತಿದರೆ ಒಂದು ರೀತಿ, ಹುಳ ಹತ್ತಿದರೆ ಇನ್ನೊಂದು ರೀತಿ, ದೂರದಲ್ಲಿ ಬೆಂಕಿ ಎದ್ದರೆ ಮತ್ತೊಂದು. ಶಾಹಿದಾ ಮೇಡಂ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಪೋಡಿನ ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿ, ಕಾರೆಬೆಟ್ಟದ ತುಂಬ ಸುಟ್ಟ ಮಣ್ಣಿನ ಗೂಟಗಳನ್ನು ಹೂಳಿಸಿದ್ದರು. ಗೂಟಗಳು ಕೇಳಿಸಿಕೊಂಡದ್ದನ್ನು ಯಂತ್ರ ಹಿರಿಯರ ಮಾತಿನ ಧಾಟಿಗೆ ತಿರುಗಿಸಿ ಹೇಳುತ್ತಿತ್ತು.

ಅದನ್ನು ಕಲ್ಲಿನ ಮೇಲೆ ಇಟ್ಟಿದ್ದಕ್ಕೂ ಕಾರಣವಿತ್ತು. ಬೆಟ್ಟದ ಜನರನ್ನು ಮೇಲಿನ ಕಾಡಿನಿಂದ ಕೆಳಗೆ ಇಳಿಸಿ ಎರಡು ತಲೆಮಾರು ಕಳೆದಿತ್ತು. ಜಗಳಗಳು ಪೊಲೀಸ್ ಠಾಣೆಗೆ ಹೋಗುತ್ತಿದ್ದವು. ಹಳೆಯ ನ್ಯಾಯಕೂಟದ ಬಗ್ಗೆ ಹೆಚ್ಚಿನ ಹಿರಿಯರಿಗೆ ನೆನಪಿದ್ದದ್ದು ಅವರು ಮಕ್ಕಳಾಗಿದ್ದಾಗ ದೂರದಿಂದ ಕಂಡದ್ದು ಮಾತ್ರ. ನಡುವೆ ಒಂದು ಕಲ್ಲು ಇರುತ್ತಿತ್ತು, ಅದು ಇಲ್ಲದವರ ಕಲ್ಲು, ಕೂಟಕ್ಕೆ ಬರಲಾಗದವರ ಜಾಗ. ಬೆಟ್ಟ, ಮೃಗ, ಸತ್ತವರು, ಇನ್ನೂ ಹುಟ್ಟದವರು. ಕೂಟ ಶುರುವಾಗುವಾಗ ಅದು ಖಾಲಿ ಇರುತ್ತಿತ್ತು ಎಂದು ಎಲ್ಲರೂ ಹೇಳಿದರು. ಆಮೇಲೆ ಏನಾಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಇಲ್ಲದವರಿಗೆ ಈಗ ದನಿ ಸಿಕ್ಕಿದೆ, ಅವರ ಜಾಗದಲ್ಲಿ ಅವರೇ ಕೂರಲಿ ಎಂದುಕೊಂಡು ಯಂತ್ರವನ್ನು ಅಲ್ಲಿಟ್ಟವಳು ಬೊಮ್ಮಿ. ಅವತ್ತು ಶಾಹಿದಾ ಮೇಡಂ ಕಣ್ಣು ಒರೆಸಿಕೊಂಡಿದ್ದರು.

ವಾರದಲ್ಲಿ ಅರ್ಧ ದಿನಗಳು ಬೊಮ್ಮಿ ಬೆಟ್ಟದ ಬುಡದ ಬೆಂಕಿ ಕಾವಲು ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಗೋಡೆಯಗಲದ ಪರದೆಯ ಮೇಲೆ ಇಡೀ ಬೆಟ್ಟ ಹಸಿರು ಹಳದಿಯಾಗಿ ಉಸಿರಾಡುತ್ತಿತ್ತು. ಪರದೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಹಾರ ಹಾಕಿದ ಒಂದು ಫೋಟೊ. ಅದು ಹಿಂದಿನ ದೊಡ್ಡ ಬೆಂಕಿಯಲ್ಲಿ ಸತ್ತ ಕಾವಲುಗಾರ ರಾಚ. ಪೋಡಿನ ಯಜಮಾನ ಬೇದೇಗೌಡರ ತಮ್ಮ. ಫೋಟೊದ ಕೆಳಗೇ ಕೇಂದ್ರದ ಮುಖ್ಯಸ್ಥ ಗುರುಪಾದ ಹಳಿಂಗಳಿಯವರ ಮೇಜು. ಬಾಗಲಕೋಟೆಯ ಕಡೆಯ ಮನುಷ್ಯ. ಬೆಟ್ಟ ಹತ್ತುವಾಗಲೂ ಪಾಲಿಶ್ ಮಾಡಿದ ಬೂಟು ಹಾಕುತ್ತಿದ್ದರು.

ಮೂಲಕಟ್ಟಳೆ ಕಾಯ್ದೆ ಬಂದು ಐದು ವರ್ಷವಾಗುತ್ತಿತ್ತು. ಕಾಡಿನ ಜನ ತಮ್ಮ ಹಳೆಯ ಕಟ್ಟಳೆಯನ್ನು ಶಾಲೆಯಲ್ಲಿ ಕಲಿಸಿ, ಬಳಸಿ, ಬದುಕಿದೆಯೆಂದು ತೋರಿಸಿದರೆ ಸರ್ಕಾರ ಅದನ್ನು ಕಾನೂನೆಂದು ಒಪ್ಪುತ್ತದೆ. ಅದಕ್ಕೆ ಕೊಟ್ಟ ಅವಧಿ ಈ ಮಾಗಿಗೆ ಮುಗಿಯುತ್ತಿತ್ತು. ಒಂದು ಷರತ್ತು ಉಳಿದಿತ್ತು. ಸರ್ಕಾರ ಕಳಿಸುವ ಆಯೋಗದ ಎದುರು ಒಂದು ನ್ಯಾಯ ನಡೆಯಬೇಕು, ಅದರಲ್ಲಿ ಹೊರಗಿನವರೊಬ್ಬರು ಸ್ವಂತ ಇಚ್ಛೆಯಿಂದ ಆ ಕಟ್ಟಳೆಗೆ ತಲೆಬಾಗಬೇಕು. ಇಲ್ಲದಿದ್ದರೆ ಶಾಲೆಗೆ ಬೀಗ, ಕಟ್ಟಳೆ ಮತ್ತೆ ಮುದುಕರ ಬಾಯಿಮಾತು.

ವ್ಯಾಜ್ಯವೇನೋ ಸಿದ್ಧವಾಗಿತ್ತು. ಮಾಗಿಯ ಇಬ್ಬನಿ ಆರುವ ಮುಂಚೆ ಕಾಡಿನ ನೆಲಕ್ಕೆ ಪಾದ ಮುಟ್ಟುವಷ್ಟು ಸಣ್ಣ ಬೆಂಕಿ ಇಡುವುದು ಬೆಟ್ಟದವರ ಪದ್ಧತಿ. ತರಗು ಬೆಂಕಿ. ತರಗೆಲೆ ಸುಟ್ಟು ಹೋಗುತ್ತದೆ, ಹೊಸ ಹುಲ್ಲು ಬರುತ್ತದೆ, ನೆಲ್ಲಿಯ ಬೀಜಕ್ಕೆ ಬೆಳಕು ಸಿಗುತ್ತದೆ. ಅದನ್ನು ನಿಷೇಧಿಸಿದ ಮೇಲೆ ಲಂಟಾನ ಪೊದೆ ಕಾಡನ್ನು ನುಂಗಿತ್ತು. ಈಗ ಪೋಡಿನವರು ಕಡವೆಕೊಲ್ಲಿ ಎಂಬ ಕಣಿವೆಗೆ ತರಗು ಬೆಂಕಿ ಇಡಲು ಹಕ್ಕು ಕೇಳಿದ್ದರು. ಕೊಡುವುದಿಲ್ಲ ಎಂದಿದ್ದವರು ಹಳಿಂಗಳಿ.

ಆ ದಿನ ಅವರು ತಾವಾಗಿಯೇ ಬೊಮ್ಮಿಯನ್ನು ಕರೆದು, ಚಹಾ ತರಿಸಿ, ದಾರಿ ತೋರಿಸಿದರು.

"ನೋಡ್ರಿ ಬೊಮ್ಮಿಯವರ, ನಿಮ್ಮ ಮಷಿನ್ ಕಲ್ಲಿನ ಮ್ಯಾಲ ಕುಂತು ಬೆಂಕಿ ಹಚ್ಚ್ರಿ ಅಂದ್ರ, ಆಯೋಗದ ಮುಂದ ನಾನೂ ಹೂಂ ಅಂತೀನಿ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಮ್ಯಾಲಿನವರಿಗೆ ತೋರಸಾಕ ನನ್ನ ಕೈಯಾಗ ಮಷಿನ್ ಕೊಟ್ಟ ಒಂದು ನಂಬರ್ ಇರತೈತಿ. ನಿಮ್ಮ ಯಜಮಾನರು ಹೇಳಿದ್ರು ಅಂತ ನಾ ಹ್ಯಾಂಗ ಬರೀಲಿ?"

ಯಂತ್ರ ಏನು ಹೇಳುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಪರದೆಯ ಮೇಲೆ ಕಡವೆಕೊಲ್ಲಿ ಮೇಲಿನಿಂದ ಕೆಳಗಿನವರೆಗೆ ಹಸಿರಾಗಿತ್ತು. ಮಣ್ಣಿನಲ್ಲಿ ತೇವವಿದೆ, ಬೇರಿಗೆ ಅಪಾಯವಿಲ್ಲ, ಬೆಂಕಿ ಇಡಬಹುದು. ಅಂದರೆ ಎಲ್ಲ ಮುಗಿದ ಹಾಗೆಯೇ. ಬೆಂಕಿಯ ಹಕ್ಕು ಸಿಗುತ್ತದೆ, ಕಟ್ಟಳೆಗೆ ಮುದ್ರೆ ಬೀಳುತ್ತದೆ, ಶಾಲೆ ಉಳಿಯುತ್ತದೆ.

ಬೊಮ್ಮಿ ಪರದೆಯ ಕೆಳಗಿನ ಮೂಲೆಯನ್ನು ನೋಡುತ್ತಿದ್ದಳು. ಕಡವೆಕೊಲ್ಲಿಯ ಕೆಳಗಿನ ತುದಿಯಲ್ಲಿ ಬೋಳು ಬಂಡೆಯ ಒಂದು ಗವಿಯಿತ್ತು. ಹೋದ ವಾರ ಕೆಟ್ಟುಹೋದ ಗೂಟ ಬದಲಾಯಿಸಲು ಹೋದಾಗ ಗವಿಯೊಳಗೆ ಕರಡಿ ಮರಿ ಹಾಕಿದ್ದನ್ನು ಕಂಡಿದ್ದಳು. ಬಂಡೆಯಲ್ಲಿ ಬೇರಿಲ್ಲ. ಬೇರುಕಿವಿಗೆ ಕರಡಿ ಕೇಳಿಸುವುದಿಲ್ಲ. ಬೊಮ್ಮಿ ಅದನ್ನು ಯಾರಿಗೂ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ. ಚಹಾ ಕುಡಿದು ಬೆಟ್ಟ ಹತ್ತಿದಳು.

*

ಸಂಜೆ ಅಜ್ಜಿ ನೂರೆ ಗೆಣಸು ಬೇಯಿಸಿ ಸಿಪ್ಪೆ ಬಿಡಿಸುತ್ತಿದ್ದಳು. ವಿದ್ಯುತ್ ಒಲೆಯ ಮೇಲೆ ಅವಳಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ಹೊಗೆಯಿಲ್ಲದ ಗೆಣಸು ಗೆಣಸೇ ಅಲ್ಲ ಎಂಬುದು ಅವಳ ದೂರು. ಬೊಮ್ಮಿ ಕಲ್ಲಿನ ಮಾತು ತೆಗೆದಳು. ಕಲ್ಲು ಖಾಲಿ ಇರುತ್ತಿತ್ತು ಎಂದು ಎಲ್ಲರೂ ಹೇಳಿದರಲ್ಲ?

"ಮೊದ್ಲು ಖಾಲಿ. ಆಮೇಲ ಕೂರ್ಬೇಕು."

"ಯಾರು?"

"ಯಾರ್ಗ ಹೆಚ್ಚು ಬೇಕೋ ಅವ್ರು."

ರೆಕಾರ್ಡ್ ಮಾಡಿಕೊಳ್ಳುವಾಗ ಯಾಕೆ ಹೇಳಲಿಲ್ಲ ಎಂದು ಬೊಮ್ಮಿ ಕೇಳಿದ್ದಕ್ಕೆ ಅಜ್ಜಿ, ಅವರು ತೀರ್ಪು ಏನಾಯಿತು ಅಂತ ಕೇಳಿದರು, ತೀರ್ಪು ಹೇಳಿದೆ, ಕೇಳದೇ ಇದ್ದದ್ದನ್ನು ಹೇಳಲು ನಾನೇನು ರೇಡಿಯೋವಾ ಎಂದಳು. ಗೆಣಸಿನ ತಟ್ಟೆಯನ್ನು ಮೊಮ್ಮಗಳ ಕಡೆ ತಳ್ಳಿ, ತನ್ನ ನ್ಯಾಯದ ಕತೆ ಹೇಳಿದಳು.

ಆಗ ಅವಳಿಗೆ ಮದುವೆಯಾಗಿ ಒಂದು ವರ್ಷ. ಗಂಡ ಹೊಡೆಯುತ್ತಿದ್ದ. ಅವಳ ಹೊಟ್ಟೆಯಲ್ಲಿ ಬೊಮ್ಮಿಯ ತಾಯಿ ಇದ್ದಳು. ಬಿಡುಗಡೆ ಬೇಕೆಂದು ಕೂಟ ಕರೆದಳು. ಬಿಡುಗಡೆ ಬೇಕಾದವಳು ಅವಳೇ, ಹಾಗಾಗಿ ಅವಳೇ ಮೊದಲು ಕಲ್ಲಿನ ಮೇಲೆ ಕೂರಬೇಕು. ಬರಿಗಾಲಲ್ಲಿ ಕೂತು 'ಈಗ ನಾನಿಲ್ಲ' ಎನ್ನಬೇಕು. ಆಮೇಲೆ ಕೂಟಕ್ಕೆ ಬರಲಾಗದ ಯಾರ ಪರವಾಗಿಯಾದರೂ ಮಾತಾಡಬೇಕು. ಆದರೆ ಆ ಮಾತು ತನ್ನ ಆಸೆಗೆ ಎದುರಾಗಿರಬೇಕು, ಸುಳ್ಳಾಗಿರಬಾರದು. ಅವಳು ಹೊಟ್ಟೆಯ ಕೂಸಾಗಿ ಮಾತಾಡಿದಳು. ನನಗೆ ಅಪ್ಪ ಬೇಕು, ಜೇನು ಇಳಿಸುವುದನ್ನು ಕಲಿಸಲು ಅವನಂಥ ಕೈ ಈ ಬೆಟ್ಟದಲ್ಲಿ ಇಲ್ಲ ಎಂದಳು. ಅದು ನಿಜವಾಗಿತ್ತು.

"ಆಮೇಲ ಅಂವ ಕೂತ. ಅವುನ್ಗ ನಾನು ಬೇಕಾಗಿತ್ತು ಕನ, ಬುಡಕ್ಕ ಮನ್ಸಿರ್ನಿಲ್ಲ. ಅವುನೂ ಕೂಸಾದ. ಅಪ್ಪನ ಕೈ ಕಂಡ್ರ ನಂಗ ಭಯ, ಅವ್ವನ ಜೊತ ಕಳ್ಸುಬುಡಿ ಅಂದ."

ಅಜ್ಜಿ ಸಿಪ್ಪೆಗಳನ್ನು ಒಟ್ಟುಮಾಡಿ ಮಡಿಲಿಗೆ ಹಾಕಿಕೊಂಡಳು. ಅವನು ಆಮೇಲೆ ಯಾವತ್ತೂ ಅವಳ ಬಾಗಿಲಿಗೆ ಬರಲಿಲ್ಲ. ಪೊಲೀಸಿನ ಭಯಕ್ಕಲ್ಲ. ತಾನೇ ಹೇಳಿದ ಮಾತನ್ನು ತಾನೇ ಮೀರುವುದು ಹೇಗೆ? ವರ್ಷಕ್ಕೊಮ್ಮೆ ಮಗಳಿಗೆಂದು ಒಂದು ಸೋರೆಬುರುಡೆ ಜೇನು ಮಾತ್ರ ಅಂಗಳದ ಕಲ್ಲಿನ ಮೇಲೆ ಇಟ್ಟುಹೋಗುತ್ತಿದ್ದ.

"ನಿಮ್ ಯಂತ್ರ ಸುಳ್ಳ ಹೇಳಲ್ಲ, ಒಪ್ಪುದೆ," ಎಂದಳು. "ಆದ್ರ ಅದಕ್ಕ ಕಳ್ಕಳಕ ಏನದ? ಕಳ್ಕಳಕ ಏನೂ ಇಲ್ದವ್ರು ಕಲ್ಲಿನ ಮ್ಯಾಲ ಕೂತ್ರ ಅದು ನ್ಯಾಯ ಅಲ್ಲ ಕೂಸೇ, ಹವಾಮಾನ ವರ್ದಿ."

ಬೊಮ್ಮಿ ಗೆಣಸಿನ ತಟ್ಟೆಯನ್ನು ಪಕ್ಕಕ್ಕೆ ಇಟ್ಟಳು. ಐದು ವರ್ಷ ಅವಳು ಮಕ್ಕಳಿಗೆ ಕಲಿಸಿದ್ದು ಯಾರೂ ಏನೂ ಕಳೆದುಕೊಳ್ಳದ ನ್ಯಾಯ.

*

ಮಾರನೆಯ ಬೆಳಿಗ್ಗೆ ಅವಳು ವಿಷಯವನ್ನು ಶಾಹಿದಾ ಮೇಡಂಗೆ ಹೇಳಿದಾಗ ಅವರು ಮೊದಲು ಹೊಸ ಪಾಠ ಸಿಕ್ಕ ಸಂತೋಷಕ್ಕೆ ಕುರ್ಚಿಯಿಂದ ಎದ್ದರು. ಆಮೇಲೆ ಅದರ ಅರ್ಥವಾಗಿ ಮತ್ತೆ ಕೂತರು. ಆಯೋಗ ಬರುವುದು ನಾಳಿದ್ದು. ಯಂತ್ರವನ್ನು ಕಲ್ಲಿನಿಂದ ಇಳಿಸಿದರೆ ಅಲ್ಲಿ ಹಳಿಂಗಳಿ ಕೂರಬೇಕಾಗುತ್ತದೆ. ನಂಬರ್ ಇಲ್ಲದೆ ಚಹಾದ ಬಿಲ್ಲಿಗೂ ಸಹಿ ಹಾಕದ ಮನುಷ್ಯ, ಮೂವತ್ತು ಜನರ ಎದುರು ಬರಿಗಾಲಲ್ಲಿ ಕೂತು ತನಗೆ ಎದುರಾಗಿ ಮಾತಾಡುತ್ತಾನೆಯೇ? ಈ ಸಲ ಯಂತ್ರ ಇರಲಿ, ಮುದ್ರೆ ಬೀಳಲಿ, ಮುಂದಿನ ವರ್ಷ ಸರಿಪಡಿಸೋಣ ಎಂದು ಅವರು ಬೇಡಿಕೊಂಡರು. ಅದು ತಪ್ಪು ಸಲಹೆಯೇನಲ್ಲ ಎಂದು ಬೊಮ್ಮಿಗೂ ಅನ್ನಿಸಿತು.

ಅವಳು ಯಜಮಾನ ಬೇದೇಗೌಡರ ಹತ್ತಿರ ಹೋದಳು. ಅವರು ಹಲಸಿನ ತೊಗಟೆ ಹೆರೆಯುತ್ತ ಎಲ್ಲ ಕೇಳಿಸಿಕೊಂಡರು. ಮುದ್ರೆ ಬಿದ್ದ ಮೇಲೆ ತಪ್ಪಿಗೇ ಮುದ್ರೆ ಬಿದ್ದ ಹಾಗೆ, ಆಮೇಲೆ ತಿದ್ದಲು ಬಿಡುತ್ತಾರೆಯೇ ಎಂದು ಕೇಳಿದರು. ಅಷ್ಟೇ. ನಿರ್ಧಾರವನ್ನು ಅವಳಿಗೇ ಬಿಟ್ಟರು. ಬೆಂಕಿಯ ಹಕ್ಕು ಕೇಳಿ ಅರ್ಜಿ ಕೊಟ್ಟಿದ್ದು ಅವಳ ಹೆಸರಿನಲ್ಲಿ. ಹಾಗಾದರೆ ಕಲ್ಲಿನ ಮೇಲೆ ಮೊದಲು ಕೂರಬೇಕಾದವಳು ಯಾರೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ.

*

ಆಯೋಗದ ಸದಸ್ಯೆ ನಿವೃತ್ತ ನ್ಯಾಯಾಧೀಶೆ. ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತರು. ಶಾಲೆಯ ಅಂಗಳದಲ್ಲಿ ಪೋಡಿನವರೆಲ್ಲ ಸೇರಿದ್ದರು, ಮಕ್ಕಳು ಮುಂದಿನ ಸಾಲಿನಲ್ಲಿ. ಹಳಿಂಗಳಿ ಹೊಳೆಯುವ ಬೂಟು ಹಾಕಿಕೊಂಡು ಒಂದು ಬದಿಯಲ್ಲಿ ನಿಂತಿದ್ದರು. ಕಲ್ಲಿನ ಮೇಲೆ ಯಂತ್ರ ಇತ್ತು.

ಬೊಮ್ಮಿ ಎದ್ದು ಹೋಗಿ ಯಂತ್ರವನ್ನು ಎರಡು ಕೈಯಲ್ಲಿ ಎತ್ತಿದಳು. ಅಂಗಳ ದಾಟಿ ಸಾಕ್ಷಿಗಳ ಸಾಲಿನ ಕೊನೆಯಲ್ಲಿ, ಕೇತಜ್ಜಿಯ ಪಕ್ಕದಲ್ಲಿ ಇಟ್ಟಳು. ಅಜ್ಜಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಶಾಹಿದಾ ಮೇಡಂ ಕಣ್ಣು ಮುಚ್ಚಿಕೊಂಡರು. ಬೇದೇಗೌಡರು ಕಟ್ಟಳೆಯ ಕ್ರಮವನ್ನು ಎಲ್ಲರಿಗೂ ಕೇಳುವ ಹಾಗೆ ವಿವರಿಸಿದರು, ಕಲ್ಲಿನ ಮೇಲೆ ಯಾರು ಕೂರಬೇಕು, ಏನು ಹೇಳಬೇಕು, ಯಾಕೆ. ಮಕ್ಕಳು ಇದನ್ನು ಮೊದಲ ಸಲ ಕೇಳುತ್ತಿದ್ದರು.

ಬೊಮ್ಮಿ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕೂತಳು. ಮಾಗಿಯ ಕಲ್ಲು ತಣ್ಣಗಿತ್ತು.

"ಈಗ ನಾನಿಲ್ಲ," ಎಂದಳು. "ನಾನು ಕಡವೆಕೊಲ್ಲಿ ಕೆಳಗಿನ ಗವಿಲಿ ಮಲಗಿರ ಕರಡಿ. ನಂಗ ಎರಡು ಮರಿ ಅವ, ಇನ್ನೂ ಕಣ್ಣ ಬುಟ್ಟಿಲ್ಲ. ಬೊಮ್ಮಿ ನನ್ನ ಕಂಡಿದ್ದಳ. ಕಂಡು ಯಾರ್ಗೂ ಹೇಳ್ನಿಲ್ಲ, ಹೇಳುದ್ರ ಅವ್ಳಿಗ ಬೆಂಕಿ ಸಿಕ್ಕಲ್ಲ ಅಂತ. ಹೊಗ ಗವಿಗ ನುಗ್ಗುದ್ರ ನಾನು ಓಡ್ಬೋದು. ಮರಿ ಓಡಕ್ಕಾಗಲ್ಲ."

ಪೋಡಿನವರಲ್ಲಿ ಗುಜುಗುಜು ಎದ್ದಿತು. ಎರಡು ತಲೆಮಾರು ಕಾದ ಬೆಂಕಿಯನ್ನು ಅವಳು ತನ್ನ ಬಾಯಿಂದಲೇ ಆರಿಸುತ್ತಿದ್ದಳು. ಹಿಂದಿನಿಂದ ಅವಳ ಚಿಕ್ಕಪ್ಪ, ಕರಡಿಗೆ ವಕಾಲತ್ತು ವಹಿಸಲು ಇವಳನ್ನು ಓದಿಸಿದೆವಾ ಎಂದದ್ದು ಕೇಳಿಸಿತು. ಬೊಮ್ಮಿ ಎದ್ದು, ಕಟ್ಟಳೆಯಂತೆ 'ಬಂದೆ' ಎಂದಳು. ತಾನು ಕಲಿಸುತ್ತಿದ್ದ ವಿಷಯ ಏನೆಂದು ಅವಳಿಗೆ ಅವತ್ತು ಗೊತ್ತಾಯಿತು.

ಈಗ ಎಲ್ಲರೂ ಹಳಿಂಗಳಿಯವರನ್ನು ನೋಡಿದರು.

ಅವರು ಗಂಟಲು ಸರಿಮಾಡಿಕೊಂಡು, ಇದು ಮೊದಲು ಆದ ಮಾತಲ್ಲ, ಯಂತ್ರದ ಮಾತಿಗೆ ಒಪ್ಪಿದ್ದೆ, ಇಂಥದ್ದಕ್ಕೆ ಮೇಲಿನವರಿಗೆ ತೋರಿಸಲು ನಂಬರ್ ಇಲ್ಲ, ಅವರ ಅನುಮತಿ ಬೇಕು ಎಂದರು. ಅದಲ್ಲದೆ ಕರಡಿಯ ವಿಷಯ ಬಂದಮೇಲೆ ವ್ಯಾಜ್ಯವೇ ಉಳಿಯಲಿಲ್ಲ, ಬೆಂಕಿ ಬೇಡ ಎಂಬುದು ತಮ್ಮ ಮಾತೂ ಹೌದು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದು ಹೆಜ್ಜೆ ಇಡದೆ ಅವರು ಗೆದ್ದಿದ್ದರು. ಸುಮ್ಮನೆ ಜೀಪು ಹತ್ತಿ ಹೋಗಬಹುದಿತ್ತು. ಆಯೋಗದ ಸದಸ್ಯೆ ಪೆನ್ನಿನ ಮುಚ್ಚಳ ಹಾಕಿದರು.

ಕೇತಜ್ಜಿ ಊರುಗೋಲು ನೆಲಕ್ಕೆ ಊರಿದಳು.

"ಯಾಕ ಸ್ವಾಮಿ, ಪ್ಯಾಂಟು ಮಣ್ಣಾದ್ದು ಅಂತನಾ? ಕೊಡಿ, ನಾನು ಒಗ್ದು ಕೊಡ್ತಿನಿ. ಹೊಸ ಮಂಡಿ ಅದ, ಹೊಳ ತಂಕ ಹೋಗ್ಬತ್ತಿನಿ."

ಮಕ್ಕಳು ನಕ್ಕರು. ಹಳಿಂಗಳಿಯೂ ನಗಲು ನೋಡಿದರು. ಆಮೇಲೆ ಅವರ ಕಣ್ಣು ಎದುರಿಗೆ ಕೂತಿದ್ದ ಬೇದೇಗೌಡರ ಮೇಲೆ ನಿಂತಿತು. ದಿನವೂ ಮೇಜಿನ ಹಿಂದೆ ನೇತಾಡುವ ಫೋಟೊದ ಮುಖವೇ, ವಯಸ್ಸು ಮಾತ್ರ ಹೆಚ್ಚು. ಬೇದೇಗೌಡರು ಎಲೆಗೆ ಸುಣ್ಣ ಸವರುತ್ತ ಕಾಯುತ್ತಿದ್ದರು.

ಹಳಿಂಗಳಿ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಬಲಗಾಲಿನ ಗಂಟು ಬಿಗಿಯಾಗಿತ್ತು, ಬಿಚ್ಚಲು ಸಮಯ ಹಿಡಿಯಿತು. ಕಾಲುಚೀಲವನ್ನು ಮಡಿಸಿ ಬೂಟಿನೊಳಗೆ ಇಟ್ಟರು. ಕಲ್ಲಿನ ಮೇಲೆ ಕೂತು, ಎಲ್ಲಿ ನೋಡುವುದೆಂದು ತಿಳಿಯದೆ ಯಂತ್ರವನ್ನು ನೋಡಿದರು.

"ಈಗ ನಾನಿಲ್ಲ," ಎಂದರು. ಬೇದೇಗೌಡರ ಕಡೆ ತಿರುಗಿ, "ನಾನು ರಾಚ."

ಬೇದೇಗೌಡರ ಕೈಯಲ್ಲಿದ್ದ ಎಲೆಯಡಿಕೆ ಹಾಗೇ ನಿಂತಿತು.

"ದೊಡ್ಡ ಬೆಂಕಿಗಿಂತ ಮೊದಲ, ಮಾಗಿಯೊಳಗ, ನಾನು ಈ ಹಳಿಂಗಳಿ ಸಾಹೇಬರ ಮೇಜಿನ ಹತ್ರ ಹೋಗಿದ್ದೆ. ಸರ, ತರಗು ಮೊಣಕಾಲ ಮಟ ಬಂದೈತಿ, ಈಗೇ ಸಣ್ಣಗ ಸುಟ್ಟಬಿಡೂಣು ಅಂದೆ. ಕಾಯ್ದೆ ಇಲ್ಲೋ ರಾಚ ಅಂದ್ರು. ಕಾಯ್ದೆ ಪ್ರಕಾರ ಅವರದು ಸರೀನ ಇತ್ತು. ಬ್ಯಾಸಗಿಯೊಳಗ ಸಿಡಿಲು ಬಿತ್ತು. ಸಣ್ಣ ಬೆಂಕಿ ಹಚ್ಚಿದ್ರ ನನ್ನ ಕಾಲಿಗೆ ಬರತಿತ್ತು. ದೊಡ್ಡದು ತಲಿ ಮ್ಯಾಲ ಬಂತು." ಅವರ ದನಿ ಸಣ್ಣದಾಯಿತು. "ಕಡವೆಕೊಲ್ಲಿಗೆ ಬೆಂಕಿ ಹಚ್ಚ್ರಿ. ಇನ್ನೊಬ್ಬ ರಾಚನ ಫೋಟೊ ಹಾಕಬ್ಯಾಡ್ರಿ."

ಬೆಟ್ಟದ ರಾಚ ಬಾಗಲಕೋಟೆಯ ಕನ್ನಡದಲ್ಲಿ ಮಾತಾಡಿದ್ದ. ಯಾರೂ ನಗಲಿಲ್ಲ. ಹಳಿಂಗಳಿಗೆ ಏಳಲು ಆಗಲಿಲ್ಲ. 'ಬಂದೆ' ಎನ್ನಬೇಕು ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಪಿಸುಗುಟ್ಟಿ ನೆನಪಿಸಿದಳು. ಅವರು ಬಂದರು.

ಆಮೇಲೆ ಸಾಕ್ಷಿಗಳ ಸರದಿ. ಕೊನೆಯಲ್ಲಿ ಯಂತ್ರವೂ ತನಗೆ ಕೇಳಿಸಿದ್ದನ್ನು ಹೇಳಿತು: ಮೇಲಿನ ಭಾಗದಲ್ಲಿ ತೇವ ಇನ್ನೂ ಎಂಟು ದಿನ ನಿಲ್ಲುತ್ತದೆ. ಬಂಡೆಯ ಸುತ್ತ ತನಗೇನೂ ಕೇಳಿಸುವುದಿಲ್ಲ. ಅದು ಉಪಯೋಗದ ಮಾತೇ ಆಗಿತ್ತು. ಕೇತಜ್ಜಿ ತನ್ನದೇ ದನಿಗೆ ತಲೆಯಾಡಿಸಿದಳು.

ಬೇದೇಗೌಡರು ಎದ್ದು ನಿಂತು ತೀರ್ಪು ಹೇಳಿದರು. ಕಡವೆಕೊಲ್ಲಿಯ ಮೇಲರ್ಧಕ್ಕೆ ಈ ವಾರವೇ ತರಗು ಬೆಂಕಿ. ಕೆಳಗಿನ ಅರ್ಧಕ್ಕೆ ಈ ವರ್ಷ ಬೆಂಕಿ ಇಲ್ಲ. ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಗವಿ ಬಿಟ್ಟ ಮೇಲೆ ಅಲ್ಲಿನ ಲಂಟಾನವನ್ನು ಕೈಯಿಂದ ಕೀಳಬೇಕು. ಪೋಡಿನವರು ಒಂದು ಕಡೆಯಿಂದ, ಕಾವಲು ಕೇಂದ್ರದವರು ಇನ್ನೊಂದು ಕಡೆಯಿಂದ, ನಡುವೆ ಸೇರುವವರೆಗೆ. ಸಾಹೇಬರೂ ಕೀಳಬೇಕು. ಇಬ್ಬರಿಗೂ ಅರ್ಧ ಸಿಕ್ಕಿತು, ಇಬ್ಬರೂ ಅರ್ಧ ಕಳೆದುಕೊಂಡರು. ಶಾಲೆಯ ಜೇನಿನ ತೀರ್ಪೂ ಅರ್ಧ ಅರ್ಧವೇ ಆಗಿತ್ತು. ಆದರೆ ಅವತ್ತು ಅಂಗಳದಲ್ಲಿ ಯಾರ ಕೈಯೂ ಊಟದ ತಟ್ಟೆಗೆ ಹೋಗಲಿಲ್ಲ.

ಆಯೋಗದ ಸದಸ್ಯೆ ಹಳಿಂಗಳಿಯತ್ತ ತಿರುಗಿ, ಈ ತೀರ್ಪಿಗೆ ಒಪ್ಪುತ್ತೀರಾ, ಒಪ್ಪುವುದಾದರೆ ಯಾವ ಆಧಾರದ ಮೇಲೆ, ಮೇಲಿನವರಿಗೆ ಯಾವ ನಂಬರ್ ತೋರಿಸುತ್ತೀರಿ ಎಂದು ಕೇಳಿದರು.

"ನಂಬರ್ ಇಲ್ರಿ," ಎಂದರು ಹಳಿಂಗಳಿ, ಬರಿಗಾಲಲ್ಲಿ ನಿಂತು. "ನಾನ ಹೇಳೀನಲ್ಲರಿ."

ಸದಸ್ಯೆ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

*

ಬೆಂಕಿ ಇಟ್ಟದ್ದು ನಾಲ್ಕನೆಯ ದಿನ, ಬೆಳಗಿನ ಇಬ್ಬನಿಯಲ್ಲಿ. ಕೇತಜ್ಜಿ, ಜೀಪಿನಲ್ಲಿ ಕರೆದೊಯ್ಯುತ್ತೇವೆ ಎಂದರೂ ಕೇಳದೆ, ಹೊಸ ಮಂಡಿಯ ಮೇಲೆಯೇ ಹತ್ತಿದಳು. ಮೊದಲ ಕಿಡಿಯನ್ನು ಅವಳೇ ಇಟ್ಟಳು. ಬೆಂಕಿ ಏಳಲಿಲ್ಲ, ಹರಿದಾಡಿತು. ತರಗೆಲೆಯ ಮೇಲೆ ಕಿತ್ತಳೆ ಬಣ್ಣದ ಒಂದು ಗೆರೆ ನಿಧಾನವಾಗಿ ಮೇಲಕ್ಕೆ ಹೋಯಿತು. ಮರಗಳ ಬುಡವನ್ನು ನೆಕ್ಕಿ, ತೊಗಟೆಯನ್ನು ಬಿಟ್ಟು, ಮುಂದಕ್ಕೆ ಹೋಯಿತು. ಮಕ್ಕಳು ಹಸಿಸೊಪ್ಪಿನ ಕಟ್ಟು ಹಿಡಿದು ಅಂಚಿನಲ್ಲಿ ನಡೆದರು. ಅವರ ತಾತಂದಿರಿಗೂ ಗೊತ್ತಿರದಿದ್ದ ಕೆಲಸವನ್ನು ಅವರು ಮಾಡುತ್ತಿದ್ದರು, ಆಟವೆಂಬಂತೆ. ಕೆಳಗೆ ಕೇಂದ್ರದ ಪರದೆಯ ಮೇಲೆ ಕಡವೆಕೊಲ್ಲಿ ಒಂದು ಗಳಿಗೆ ಹಳದಿಯಾಗಿ ಮತ್ತೆ ಹಸಿರಾಯಿತಂತೆ. ಬೊಮ್ಮಿ ಅದನ್ನು ಆಮೇಲೆ ಕೇಳಿ ತಿಳಿದಳು. ಆ ಹೊತ್ತಿಗೆ ಅವಳು ಹೊಗೆಯ ವಾಸನೆಯಲ್ಲಿ ನಿಂತು, ಮಕ್ಕಳ ಬೆನ್ನನ್ನು ನೋಡುತ್ತಿದ್ದಳು.

ಬೇಸಗೆಯಲ್ಲಿ ಆಯೋಗದ ಆದೇಶ ಬಂತು. ಕಾರೆಬೆಟ್ಟದ ಕಟ್ಟಳೆ ಕಾನೂನಾಯಿತು. ಶಾಹಿದಾ ಮೇಡಂ ಪೋಡಿನಲ್ಲೇ ಒಂದು ಕೋಣೆ ಹಿಡಿದು, ಹಿರಿಯರ ಎದುರು ಮತ್ತೆ ರೆಕಾರ್ಡರ್ ಇಟ್ಟುಕೊಂಡು ಕೂತರು. ಈ ಸಲ ಅವರು ತೀರ್ಪಿನ ಮಾತು ಕೇಳಲಿಲ್ಲ. ಯಾರು ಕೂತರು, ಕೂರುವ ಮುಂಚೆ ಏನು ಮಾಡಿದರು, ಎದ್ದಮೇಲೆ ಯಾವ ಕಡೆ ನೋಡಿದರು ಎಂದು ಕೇಳಿದರು. ಕೇತಜ್ಜಿ ಮೂರು ದಿನಕ್ಕೇ ಬೇಸತ್ತು, ಯಂತ್ರವನ್ನು ತಂದು ಇಲ್ಲಿಡಿ, ಅದಕ್ಕೆ ನಾನೇ ಪಾಠ ಹೇಳುತ್ತೇನೆ ಎಂದಳು.

ಮಳೆ ಹಿಡಿಯುವ ಮೊದಲ ವಾರ ಕಾವಲು ಕೇಂದ್ರದ ಜೀಪು ಶಾಲೆಯ ಮುಂದೆ ನಿಂತಿತು. ಹಳಿಂಗಳಿ ಇಳಿದರು. ಲಂಟಾನ ಕಿತ್ತು ಅವರ ಅಂಗೈಯಲ್ಲಿ ಜಡ್ಡುಗಟ್ಟಿತ್ತು. ಮುಖ ಮಾತ್ರ ಗಂಟಾಗಿತ್ತು. ಪೋಡಿನ ಹೋರಿಗಳು ಕೇಂದ್ರದ ಸಸಿತೋಟಕ್ಕೆ ನುಗ್ಗಿ ನೆಲ್ಲಿಯ ಸಸಿಗಳನ್ನೆಲ್ಲ ತಿಂದುಹಾಕಿವೆ. ಬೇಲಿ ಮುರಿದದ್ದು ಹೋರಿಗಳೋ ಹುಡುಗರೋ ಗೊತ್ತಿಲ್ಲ. ಠಾಣೆಗೆ ದೂರು ಕೊಡಿ ಎಂದು ಅವರ ಸಿಬ್ಬಂದಿ ಹೇಳಿದ್ದರು. ಅವರು ಇಲ್ಲಿಗೆ ಬಂದಿದ್ದರು. ನ್ಯಾಯ ಬೇಕು ಎಂದರು, ನಷ್ಟ ತುಂಬಿಕೊಡಬೇಕು, ಪೂರ್ತಿ.

ತರಗತಿ ಅಂಗಳಕ್ಕೆ ಬಂತು. ಮಕ್ಕಳು ಯಾರೂ ಹೇಳದೆ ಸುತ್ತ ಕೂತರು, ನಡುವೆ ಖಾಲಿ ಕಲ್ಲು. ಯಾರಿಗೆ ಹೆಚ್ಚು ಬೇಕೋ ಅವರು ಮೊದಲು ಎಂದು ನೆನಪಿಸಲು ಬೊಮ್ಮಿ ಬಾಯಿ ತೆರೆದಳು.

ಹಳಿಂಗಳಿ ಆಗಲೇ ಒಂದು ಕಾಲಿನ ಬೂಟು ಕಳಚಿದ್ದರು.

"ಗೊತ್ತೈತ್ರಿ ಟೀಚರ್," ಎಂದು ಇನ್ನೊಂದರ ದಾರಕ್ಕೆ ಕೈಹಾಕಿದರು. "ಆ ಹೋರಿಗೂ ಹಸಿವಿ ಇರತೈತಲ್ರಿ."